ಯಾರ ಬಲಕ್ಕೆ ಬಿದ್ದ ಹೂ

"ತಾಯಿ, ನನ್ನ ಮುಂದೆ ಮೂರು ದಾರಿಗಳಿವೆ. ಯಾವುದನ್ನು ಹಿಡಿದರೆ ನಾಳೆ ನನ್ನ ಮೇಲೆ ತಪ್ಪು ಬರುವುದಿಲ್ಲ?"

ಜಟ್ಟಪ್ಪ ಹೀಗೆ ಕೇಳಿದ. ಕೇಳಿ ತಲೆ ತಗ್ಗಿಸಿ ಕುಳಿತ.

ಗುರುತಾಯಿ ಮಠದ ಜಗಲಿಯ ಮೇಲೆ ಕುಳಿತು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ಅವರ ಕೈ ನಿಲ್ಲಲಿಲ್ಲ.

"ದಾರಿ ಯಾವ ಊರಿಗೆ ಎಂದು ಮೊದಲು ಹೇಳು" ಎಂದರು.

ಜಟ್ಟಪ್ಪ ಹೇಳಿದ. ಅವನ ಅತ್ತಿಗೆಗೆ ಪಿತ್ತಕೋಶದಲ್ಲಿ ಕ್ಯಾನ್ಸರ್. ಅವಳು ಮದುವೆಯಾಗಿ ಮನೆಗೆ ಬಂದಾಗ ಅವನು ಇನ್ನೂ ಅಂಬೆಗಾಲಿಡುತ್ತಿದ್ದ. ತಾಯಿಯ ಮುಖ ಅವನಿಗೆ ನೆನಪಿಲ್ಲ. ನೆನಪಿರುವುದು ಅತ್ತಿಗೆಯ ಮುಖ. ಒಂದು ಆಸ್ಪತ್ರೆಯ ಡಾಕ್ಟರು, ಕೊಯ್ದು ತೆಗೆಯಬೇಕು, ಜೊತೆಗೆ ಯಕೃತ್ತಿನ ಒಂದು ತುಂಡನ್ನೂ ತೆಗೆಯಬೇಕು ಎಂದರು. ಇನ್ನೊಂದು ಆಸ್ಪತ್ರೆಯವರು, ಮೊದಲು ನರದಲ್ಲಿ ಔಷಧಿ ಹನಿಸಿ ನೋಡೋಣ ಎಂದರು. ಊರಿನ ಹತ್ತಿರದ ಹಳೆಯ ಡಾಕ್ಟರು, ಈ ವಯಸ್ಸಿನಲ್ಲಿ ದೇಹವನ್ನು ಕಾಡಬೇಡಿ, ನೋವು ಬಾರದಂತೆ ನೋಡಿಕೊಳ್ಳೋಣ ಎಂದರು. ಅಣ್ಣ ಅತ್ತ. ಓದಿದವನು ನೀನು, ನೀನು ಹೇಳಿದ ಹಾಗೆ ಎಂದುಬಿಟ್ಟ.

"ಮೂವರೂ ಒಳ್ಳೆಯವರು ತಾಯಿ. ಮೂವರೂ ಮನಸ್ಸಿಟ್ಟು ನೋಡಿದರು. ಅದೇ ಕಷ್ಟವಾಗಿದೆ. ಒಬ್ಬನಾದರೂ ಕಳ್ಳನಾಗಿದ್ದರೆ ಎರಡೇ ದಾರಿ ಉಳಿಯುತ್ತಿದ್ದವು."

ಗುರುತಾಯಿ ನಕ್ಕರು. "ನಾನು ವೈದ್ಯೆಯಲ್ಲ, ಜಟ್ಟಪ್ಪಾ. ಯಾವ ರೋಗಕ್ಕೆ ಯಾವ ಮದ್ದು ಎಂದು ನನಗೆ ತಿಳಿಯದು. ನನಗೆ ಬರುವುದು ಕತೆ. ಅದನ್ನು ಹೇಳಬಲ್ಲೆ."

ಕತೆ ಹೀಗಿತ್ತು.

ಒಂದು ಹೊಳೆಯಲ್ಲಿ ದೋಣಿ ನಡೆಸುವ ಒಬ್ಬ ಅಂಬಿಗನಿದ್ದ. ಅವನಿಗೊಬ್ಬಳು ಅಕ್ಕ. ಅಕ್ಕ ಮೀನು ಮಾರುತ್ತಿದ್ದಳು. ತಂದೆತಾಯಿ ಸತ್ತ ಮೇಲೆ ಅವಳು ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು, ತಲೆಯ ಮೇಲೆ ಬುಟ್ಟಿ ಹೊತ್ತು, ಕೇರಿ ಕೇರಿ ತಿರುಗಿ ಅವನನ್ನು ದೊಡ್ಡವನನ್ನಾಗಿ ಮಾಡಿದಳು. ಅವಳ ಬಾಯಿ ಜೋರು. ಬುಟ್ಟಿಯ ಮೀನಿಗೆ ಮಾತು ಬಾರದು, ಆ ಕೊರತೆಯನ್ನು ಇವಳೇ ತುಂಬುತ್ತಾಳೆ ಎಂದು ಕೇರಿಯವರು ನಗುತ್ತಿದ್ದರು. ಆದರೆ ಮೀನು ಕೊಯ್ದುಕೊಡುವುದಕ್ಕೆ ಅವಳೇ ಬೇಕು ಎನ್ನುತ್ತಿದ್ದರು.

ಒಂದು ವರ್ಷ ಅವಳಿಗೆ ಬಲಪಕ್ಕೆಯ ಕೆಳಗೆ ನೋವು ಹಿಡಿಯಿತು. ಊಟ ಸೇರಲಿಲ್ಲ. ಎಲ್ಲರೂ ಪಿತ್ತ ಎಂದರು. ನಿಂಬೆರಸ ಕುಡಿ ಎಂದರು, ಜೀರಿಗೆ ಕಷಾಯ ಕುಡಿ ಎಂದರು. ಅವಳು ಎಲ್ಲವನ್ನೂ ಕುಡಿದಳು. ನೋವು ಇದ್ದಲ್ಲೇ ಇತ್ತು. ಅವಳು ಮಾತ್ರ ಇಳಿಯುತ್ತ ಹೋದಳು. ತುಂಬಿದ ಬುಟ್ಟಿ ಎತ್ತುವ ತೋಳು ಬರಿಯ ಬುಟ್ಟಿ ಎತ್ತಲೂ ತಡವರಿಸಿದ ದಿನ, ಅಂಬಿಗ ಅವಳನ್ನು ಪೇಟೆಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದ.

ಡಾಕ್ಟರು ಅವಳ ಪಕ್ಕೆಯನ್ನು ಒತ್ತಿ ನೋಡಿದರು. ಹೊಟ್ಟೆಯ ಸ್ಕ್ಯಾನ್ ಮಾಡಿಸಿದರು. ಆಮೇಲೆ ಅಕ್ಕನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ತಮ್ಮನನ್ನು ಒಳಗೆ ಕರೆದರು. ನಮ್ಮ ಕಡೆ ಹಾಗೇ ಅಲ್ಲವೇ? ಕಾಯಿಲೆ ಒಬ್ಬರಿಗೆ ಬರುತ್ತದೆ, ಅದರ ಸುದ್ದಿ ಇನ್ನೊಬ್ಬರಿಗೆ ಹೋಗುತ್ತದೆ.

ಒಳಗೆ ಡಾಕ್ಟರು ರೋಗದ ಹೆಸರು ಹೇಳಿದರು. ಕೊಯ್ಯಬಹುದು, ಔಷಧಿ ಹನಿಸಬಹುದು, ಎರಡನ್ನೂ ಮಾಡದೆ ನೋವನ್ನಷ್ಟೇ ತಗ್ಗಿಸುತ್ತ ಇರಬಹುದು ಎಂದರು. "ಮನೆಯಲ್ಲಿ ಮಾತಾಡಿಕೊಂಡು ಬೇಗ ಬನ್ನಿ. ಇದು ಕಾಯುವ ರೋಗವಲ್ಲ" ಎಂದರು.

ಅಂಬಿಗ ಹೊರಗೆ ಬಂದ.

"ಏನಂತೆ?" ಎಂದಳು ಅಕ್ಕ.

"ಕಲ್ಲಂತೆ ಅಕ್ಕಾ. ಪಿತ್ತಕೋಶದಲ್ಲಿ ಕಲ್ಲು."

"ಕಲ್ಲೇ? ಹುಟ್ಟಿದಾಗಿನಿಂದ ತಿಂದದ್ದು ಮೀನು. ಕಲ್ಲು ಎಲ್ಲಿಂದ ಬಂತೋ?"

"ಅನ್ನದಲ್ಲಿ ಇದ್ದಿರಬೇಕು."

"ಹಾಗಾದರೆ ನಿನ್ನ ಹೆಂಡತಿ ಇನ್ನಾದರೂ ಅಕ್ಕಿ ಆರಿಸುವುದು ಕಲಿಯಲಿ" ಎಂದು ಅಕ್ಕ ಎದ್ದು ಸೆರಗು ಕೊಡವಿದಳು.

ಅಂಬಿಗ ನಗಲು ನೋಡಿದ. ನಗು ಬರದೆ ಅವಳ ಮುಂದೆ ಮುಂದೆ ನಡೆದ.

ಮರುದಿನದಿಂದ ಅವನು ದೋಣಿಯಲ್ಲಿ ಕುಳಿತವರನ್ನೆಲ್ಲ ಕೇಳತೊಡಗಿದ. ಅಕ್ಕನಿಗೆ ಎನ್ನಲಿಲ್ಲ. ಗುರುತಿನವರೊಬ್ಬರಿಗೆ ಹೀಗೆ ಆಗಿದೆ, ಏನು ಮಾಡಬಹುದು ಎಂದು ಕೇಳಿದ. ದೋಣಿ ಎಂದರೆ ಗೊತ್ತಲ್ಲ. ನೀರಿನ ಮೇಲೆ ಇರುವಷ್ಟು ಹೊತ್ತು ಎಲ್ಲರೂ ತಿಳಿದವರೇ. ಒಬ್ಬ ವ್ಯಾಪಾರಿ ಹೇಳಿದ, "ಕತ್ತಿ ತಾಗಿದರೆ ಆ ರೋಗ ಕಾಡ್ಗಿಚ್ಚಿನ ಹಾಗೆ ಹರಡುತ್ತದೆ." ಒಬ್ಬ ಮೇಷ್ಟರು ಹೇಳಿದರು, "ಅದೆಲ್ಲ ಮೂಢನಂಬಿಕೆ. ಬುಡಸಮೇತ ಕಿತ್ತರೇ ಅದು ಹೋಗುವುದು." ಒಬ್ಬಳು ಮುದುಕಿ, "ನಮ್ಮ ಬೀಗರ ಊರಿನಲ್ಲಿ ಒಬ್ಬ ಬೇರು ಕೊಡುತ್ತಾನೆ" ಎಂದಳು. ಆ ಬೇರು ತಿಂದವರು ಯಾರು ಉಳಿದಿದ್ದಾರೆ ಎಂದು ಕೇಳಿದರೆ, "ಬೇರು ಕೊಡುವವನು ಗಟ್ಟಿಮುಟ್ಟಾಗಿದ್ದಾನೆ" ಎಂದಳು.

ಆ ದಡ ಮುಟ್ಟುವಾಗ ಅಂಬಿಗ ಕೊಯ್ಯಿಸುವುದೇ ಸರಿ ಎಂದುಕೊಳ್ಳುತ್ತಿದ್ದ. ಈ ದಡ ಮುಟ್ಟುವಾಗ ಬೇಡ ಎಂದುಕೊಳ್ಳುತ್ತಿದ್ದ. ಒಂದು ದಿನ ನಡುಹೊಳೆಯಲ್ಲಿ ಜನ ಕೂಗಿದರು, "ಏ ಅಂಬಿಗಾ, ದೋಣಿ ನಿಂತಲ್ಲೇ ಗಿರಕಿ ಹೊಡೆಯುತ್ತಿದೆಯಲ್ಲೋ!" ನೋಡಿದರೆ ಅವನು ಒಂದೇ ಕಡೆ ಹುಟ್ಟು ಹಾಕುತ್ತಿದ್ದ.

ಇಷ್ಟು ಕೇಳಿದಾಗ ಜಟ್ಟಪ್ಪ ತಡೆಯಲಾರದೆ ನಡುವೆ ಬಾಯಿ ಹಾಕಿದ. "ತಾಯಿ, ಇದು ನನ್ನ ಕತೆಯೇ."

"ನಿನ್ನ ಕತೆಯಾಗಿದ್ದರೆ ನಿನಗೇ ಹೇಳುವ ಕಷ್ಟ ನನಗೇಕೆ? ಸುಮ್ಮನೆ ಕೇಳು" ಎಂದರು ಗುರುತಾಯಿ.

ಅಂಬಿಗನಿಗೆ ನಿದ್ದೆ ಬಾರದಾಯಿತು. ಕೊಯ್ಯಿಸಿ ಅಕ್ಕ ಮೇಜಿನ ಮೇಲೇ ಹೋದರೆ, ಸುಮ್ಮನೆ ಇದ್ದವಳನ್ನು ಕೊಂದೆ ಎನ್ನುತ್ತಾರೆ. ಕೊಯ್ಯಿಸದೆ ಹೋದರೆ, ಸಾಕಿದವಳನ್ನು ನೋಡಲಿಲ್ಲ ಎನ್ನುತ್ತಾರೆ. ಯಾರು ಎನ್ನುತ್ತಾರೆ? ಅವನಿಗೇ ಗೊತ್ತಿರಲಿಲ್ಲ. ಆದರೆ ಆ ಮಾತು ಹಗಲೆಲ್ಲ ಅವನ ಕಿವಿಯಲ್ಲಿ ಇರುತ್ತಿತ್ತು. ಅವನಿಗೆ ಬೇಕಾಗಿದ್ದದ್ದು ದಾರಿಯಲ್ಲ. ಹೊರೆಯನ್ನು ದಾಟಿಸಿಬಿಡಲು ಇನ್ನೊಂದು ಹೆಗಲು ಬೇಕಾಗಿತ್ತು. ಮನುಷ್ಯರಲ್ಲಿ ಅಂಥ ಹೆಗಲು ಸಿಗಲಿಲ್ಲ. ದೇವಿಯ ಹತ್ತಿರ ಹೋಗಿ ಹೂ ಕೇಳುವುದೆಂದು ನಿಶ್ಚಯಿಸಿದ.

ಹೂ ಕೇಳುವುದು ನಿನಗೆ ಗೊತ್ತಿರುವುದೇ. ಪೂಜಾರಿ ಮೂರ್ತಿಗೆ ನೀರೆರೆದು, ಒದ್ದೆ ಕಲ್ಲಿನ ಮೇಲೆ ಎರಡೂ ಕಡೆ ಹೂವಿನ ಎಸಳುಗಳನ್ನು ಅಂಟಿಸುತ್ತಾನೆ. ಭಕ್ತ ತನ್ನ ಪ್ರಶ್ನೆಯನ್ನು ಒಪ್ಪಿಸುತ್ತಾನೆ. ಬಲಗಡೆಯ ಎಸಳು ಮೊದಲು ಉದುರಿದರೆ ಆಗಲಿ ಎಂದು ಅರ್ಥ. ಎಡಗಡೆಯದು ಉದುರಿದರೆ ಬೇಡ ಎಂದು ಅರ್ಥ.

ಅಂಬಿಗ ಅಕ್ಕನನ್ನೂ ಜೊತೆಗೆ ಕರೆದುಕೊಂಡು ಹೋದ. ನಿನಗೆ ಬೇಗ ಗುಣವಾಗಲೆಂದು ಒಂದು ಪೂಜೆ ಎಂದು ಹೇಳಿದ. ಅವಳು ಕಂಬಕ್ಕೆ ಒರಗಿ ಕುಳಿತಳು. ಅವನು ಗರ್ಭಗುಡಿಯ ಹೊಸ್ತಿಲಿನ ಹತ್ತಿರ ನಿಂತ.

"ಏನು ಕೇಳುವುದು?" ಎಂದ ಪೂಜಾರಿ. ಅವನ ದನಿ ದೊಡ್ಡದು.

ಅಂಬಿಗ ಹಿಂದೆ ತಿರುಗಿ ನೋಡಿ, ಪೂಜಾರಿಯ ಕಿವಿಯಲ್ಲಿ ಹೇಳಿದ. ಕೊಯ್ಯಿಸುವುದಾದರೆ ಬಲ, ಬೇಡವಾದರೆ ಎಡ.

ಪೂಜಾರಿ ಕೇಪಳ ಹೂವಿನ ಎಸಳುಗಳನ್ನು ಅಂಟಿಸಿ ಕೈಮುಗಿದ. ಗುಡಿಯಲ್ಲಿ ಸದ್ದಿಲ್ಲ. ಕಲ್ಲಿನ ಮೇಲಿಂದ ನೀರು ಇಳಿಯುತ್ತಿತ್ತು. ಒಂದು ಎಸಳು ಮೆಲ್ಲಗೆ ಜಾರಿತು, ನಿಂತಿತು, ಮತ್ತೆ ಜಾರಿ ಕೆಳಗೆ ಬಿತ್ತು.

"ಬಲ ಕೊಟ್ಟಳು! ಹೋಗು, ಕೊಯ್ಯಿಸು" ಎಂದು ಪೂಜಾರಿ ಗಂಟೆ ಹೊಡೆದ.

ಅಂಬಿಗ ಅಲ್ಲಾಡಲಿಲ್ಲ. "ಬಿದ್ದದ್ದು ಎಡಕ್ಕಲ್ಲವೇ?" ಎಂದ.

"ನಿನ್ನ ಎಡಕ್ಕೆ. ದೇವಿ ನಿನ್ನ ಎದುರಿಗೆ ನಿಂತಿದ್ದಾಳೆ, ಮಾರಾಯ. ಅವಳ ಬಲ ನಿನಗೆ ಎಡ. ಹುಟ್ಟಿದಾಗಿನಿಂದ ಈ ಗುಡಿಗೆ ಬರುತ್ತೀಯ, ಅಷ್ಟೂ ಗೊತ್ತಿಲ್ಲವೇ?"

"ಗೊತ್ತು. ಆದರೆ ಕೇಳುವಾಗ ನಾನು ಮನಸ್ಸಿನಲ್ಲಿ ನನ್ನ ಬಲವನ್ನು ಇಟ್ಟುಕೊಂಡಿದ್ದೆ."

"ನಿನ್ನ ಬಲವನ್ನು ಕಟ್ಟಿಕೊಂಡು ದೇವಿಗೇನು? ಲೆಕ್ಕಕ್ಕೆ ಬರುವುದು ಅವಳ ಬಲ."

"ಮನಸ್ಸಿನಲ್ಲಿ ಇದ್ದದ್ದು ಅವಳಿಗೆ ಕಾಣುವುದಿಲ್ಲವೇ? ಕಂಡು ನನ್ನ ಲೆಕ್ಕದಲ್ಲೇ ಕೊಟ್ಟಿದ್ದರೆ?"

ಪೂಜಾರಿ ಮತ್ತೆ ಎಸಳುಗಳಿಗೆ ಕೈ ಹಾಕಿದ. "ಹಾಗಾದರೆ ಇನ್ನೊಮ್ಮೆ ಕೇಳು" ಎಂದ.

"ಕೊಟ್ಟದ್ದನ್ನೇ ಮತ್ತೆ ಕೇಳಿದರೆ ಸಿಟ್ಟಾಗುವುದಿಲ್ಲವೇ?"

"ಸಿಟ್ಟಾಗಲು ಅವಳೇನು ನಿನ್ನ ಅಕ್ಕನೇ?"

ಆಗ ಹಿಂದಿನಿಂದ ನಗು ಕೇಳಿಸಿತು. ಇಬ್ಬರೂ ತಿರುಗಿದರು. ಅಕ್ಕ ಕಂಬ ಹಿಡಿದು ಎದ್ದು ನಿಂತಿದ್ದಳು.

"ತಮಾ," ಎಂದಳು. "ದೇವಿಯ ಬಲ ಆಯಿತು. ನಿನ್ನ ಬಲವೂ ಆಯಿತು. ನೋವು ಇರುವುದು ನನ್ನ ಬಲಕ್ಕೆ. ಅಲ್ಲಿ ಏನಿದೆ ಎಂದು ನನಗೂ ಒಂದು ಮಾತು ಹೇಳುತ್ತೀಯಾ?"

ಅಂಬಿಗ ಮುಖ ಬೇರೆ ಕಡೆ ತಿರುಗಿಸಿದ. "ಕಲ್ಲು..." ಎಂದ.

"ಕಲ್ಲಿಗೆ ಯಾರಾದರೂ ಹೂ ಕೇಳುತ್ತಾರೆಯೇ? ನಾನು ಮೀನು ಮಾರುವವಳು. ಹಳಸಿದ್ದನ್ನು ತಾಜಾ ಎಂದು ಮಾರುವವರ ಮುಖ ನಾನು ಎಷ್ಟು ನೋಡಿಲ್ಲ! ಪೇಟೆಯಿಂದ ಬಂದಾಗಿನಿಂದ ನೀನು ಅದೇ ಮುಖ ಹೊತ್ತು ತಿರುಗುತ್ತಿದ್ದೀಯ."

ಪೂಜಾರಿ ಮೆಲ್ಲಗೆ ಒಳಗೆ ಸರಿದ.

ಅಂಬಿಗ ಗುಡಿಯ ಮೆಟ್ಟಿಲಿನ ಮೇಲೆ ಕುಳಿತ. ಅಲ್ಲಿ ಕುಳಿತು ರೋಗದ ಹೆಸರು ಹೇಳಿದ. ಇಷ್ಟು ದಿನ ಅದನ್ನು ಯಾರ್ಯಾರಿಗೋ ಹೇಳಿದ್ದ. ಅಕ್ಕನ ಕಣ್ಣು ನೋಡಿ ಹೇಳುವಾಗ ಮಾತ್ರ ಅದು ನಿಜವಾದ ಹೆಸರಾಯಿತು. ಹೇಳಿ, ಅವಳು ಬೀಳುತ್ತಾಳೆ ಎಂದು ಕೈ ಚಾಚಿದ.

ಅವಳು ಬೀಳಲಿಲ್ಲ. ಕಣ್ಣು ತುಂಬಿತು, ಒಂದೆರಡು ಹನಿ ಇಳಿದವು, ಸೆರಗಿನಲ್ಲಿ ಒರೆಸಿಕೊಂಡಳು. ಆಮೇಲೆ ತನ್ನ ಬಲಪಕ್ಕೆಯ ಮೇಲೆ ಅಂಗೈ ಇಟ್ಟಳು. ಬಾಗಿಲಿಗೆ ಬಂದು ನಿಂತ ಅಪರಿಚಿತನನ್ನು ನೀನು ಯಾರು ಎಂದು ಕೇಳುವ ಹಾಗೆ ಇಟ್ಟಳು.

"ಪಿತ್ತದ ಚೀಲದಲ್ಲೇ?" ಎಂದಳು.

"ಹೌದು."

"ನನ್ನನ್ನು ಆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು."

ಆಸ್ಪತ್ರೆಯಲ್ಲಿ ಡಾಕ್ಟರು ಎಂದಿನಂತೆ, "ಅಮ್ಮ, ನೀವು ಸ್ವಲ್ಪ ಹೊರಗೆ ಕೂತಿರಿ" ಎಂದರು.

"ಹೊಟ್ಟೆ ನನ್ನದು ಡಾಕ್ಟರೇ. ಅದನ್ನು ಒಳಗೆ ಬಿಟ್ಟು ನಾನು ಹೊರಗೆ ಕೂರುವುದು ಹೇಗೆ?" ಎಂದಳು ಅಕ್ಕ. ಹೇಳಿ ಕುರ್ಚಿ ಎಳೆದು ಕುಳಿತಳು.

ಡಾಕ್ಟರು ತಮ್ಮನ ಮುಖ ನೋಡಿದರು. ತಮ್ಮ ತಲೆಯಾಡಿಸಿದ. ಅವರು ಒಳ್ಳೆಯ ಮನುಷ್ಯ. ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟು, "ಕೇಳಿ ಅಮ್ಮ" ಎಂದು ಮೂರು ದಾರಿಗಳನ್ನೂ ವಿವರಿಸಿದರು.

ಅವಳು ಕೊನೆಯವರೆಗೂ ಕೇಳಿಸಿಕೊಂಡು ಹೇಳಿದಳು, "ನಾನು ಹುಡುಗಿಯಾಗಿದ್ದಾಗಿನಿಂದ ಮೆಟ್ಟುಗತ್ತಿಯ ಮುಂದೆ ಕುಳಿತು ಮೀನು ಕೊಯ್ದವಳು. ಮೀನಿನ ಹೊಟ್ಟೆಯಲ್ಲಿ ಒಂದು ಹಸಿರು ಚೀಲ ಇರುತ್ತದೆ. ಅದು ಇಡಿಯಾಗಿ ಬಂದರೆ ಮೀನು ಸಿಹಿ. ಕೈ ತಪ್ಪಿ ಒಡೆದರೆ ಎಷ್ಟು ತೊಳೆದರೂ ಕಹಿ ಹೋಗುವುದಿಲ್ಲ. ನನ್ನದು ಹೇಗಿದೆ? ಇಡಿಯಾಗಿ ಬರುತ್ತದೆಯೇ?"

"ಸ್ಕ್ಯಾನ್ ನೋಡಿದರೆ ಬರಬಹುದು ಎನ್ನಿಸುತ್ತದೆ. ಬಂದೇ ಬರುತ್ತದೆ ಎನ್ನಲಾರೆ. ಸಣ್ಣದು ಸ್ಕ್ಯಾನಿಗೆ ಕಾಣದೆ ಇರಬಹುದು."

"ಕೊಯ್ಯುವ ಮೊದಲು ನೋಡುವುದಕ್ಕೆ ಉಪಾಯ ಇಲ್ಲವೇ?"

"ಇದೆ. ಹೊಟ್ಟೆಯಲ್ಲಿ ಸಣ್ಣ ರಂಧ್ರ ಮಾಡಿ, ಒಳಗೆ ಕ್ಯಾಮೆರಾ ಇಳಿಸಿ ಮೊದಲು ನೋಡುತ್ತೇವೆ. ಹರಡಿದ್ದು ಕಂಡರೆ ಮುಂದೆ ಕೊಯ್ಯುವುದಿಲ್ಲ. ಕೊಯ್ದರೆ ಆಗ ಲಾಭವಿಲ್ಲ."

"ಹಾಗಾದರೆ ಹಾಗೇ ಮಾಡಿ. ಇಡಿಯಾಗಿ ಬರುವಂತಿದ್ದರೆ ತೆಗೆಯಿರಿ. ನನ್ನ ಮೈ ತಡೆಯುತ್ತದೆ, ಹೊರೆ ಹೊತ್ತ ಮೈ. ಹರಡಿದ್ದರೆ ಮುಚ್ಚಿಬಿಡಿ. ಏನೋ ಮಾಡಿದೆವು ಎನ್ನಿಸಿಕೊಳ್ಳಲು ಕೆರೆಯಬೇಡಿ. ಆ ಹನಿಸುವ ಔಷಧಿ ಇದೆಯಲ್ಲ, ಅದರಿಂದ ನಾನು ಓಡಾಡಿಕೊಂಡಿರುವ ದಿನ ಹೆಚ್ಚುತ್ತದೆಯೋ, ಮಲಗಿರುವ ದಿನ ಹೆಚ್ಚುತ್ತದೆಯೋ?"

"ಒಬ್ಬೊಬ್ಬರಿಗೆ ಒಂದೊಂದು ಥರ ಆಗುತ್ತದೆ. ಕೊಟ್ಟು ನೋಡಿದ ಮೇಲೇ ತಿಳಿಯುವುದು" ಎಂದರು.

"ಕೊಟ್ಟು ನೋಡಿ. ನಾನು ಸಾಕು ಎಂದ ದಿನ ನಿಲ್ಲಿಸಬೇಕು. ಸಾಕು ಎನ್ನುವವಳು ನಾನು. ಇವನಲ್ಲ. ಇವನಿಗೆ ಸಾಕು ಎನ್ನಲೂ ಬಾರದು, ಬೇಕು ಎನ್ನಲೂ ಬಾರದು. ಆಮೇಲೆ, ಯಾವ ದಾರಿಗೆ ಹೋದರೂ ನೋವಿಗೆ ಮದ್ದು ಕೊಡುವುದನ್ನು ಮಾತ್ರ ಬಿಡಬೇಡಿ."

"ಬಿಡುವುದಿಲ್ಲ ಅಮ್ಮ" ಎಂದರು ಡಾಕ್ಟರು. ಅವಳು ಹೊರಡಲು ಎದ್ದಾಗ ಅವರೂ ಎದ್ದು ನಿಂತರು.

ಅಂಬಿಗ ಗೋಡೆಗೆ ಒರಗಿ ಇದನ್ನೆಲ್ಲ ಕೇಳುತ್ತಿದ್ದ. ಅವನು ಮೂರು ದಾರಿ ಎಂದು ತಿಳಿದು ತಿರುಗಿದ್ದು ಅಕ್ಕನ ಬಾಯಲ್ಲಿ ಒಂದೇ ದಾರಿಯಾಯಿತು. ಅದಕ್ಕೆ ಮೂರು ತಿರುವುಗಳಿದ್ದವು, ಅಷ್ಟೇ. ದಾರಿ ಗೊತ್ತಿಲ್ಲದವಳು ಎಂದುಕೊಂಡು ಅವಳನ್ನು ಬೆಂಚಿನ ಮೇಲೆ ಕೂರಿಸಿದ್ದ. ನಡೆಯಬೇಕಾದವಳು ಅವಳಾಗಿದ್ದಳು.

ಹಿಂದಿರುಗುವಾಗ ಹೊಳೆ ದಾಟಬೇಕಾಗಿತ್ತು. ಅಕ್ಕ ದೋಣಿಯ ಮುಂದುಗಡೆ ಕುಳಿತಳು. ಅಂಬಿಗ ಹುಟ್ಟು ಹಿಡಿದು ಅವಳನ್ನೇ ನೋಡುತ್ತಿದ್ದ. ಅದೇ ಸೀರೆ, ಅದೇ ಬಾಯಿ, ಅದೇ ಸೊರಗಿದ ತೋಳು. ಆದರೆ ಹೊಳೆಯಲ್ಲೇ ಹುಟ್ಟಿ ಬೆಳೆದವನು ಮೊದಲ ಸಲ ಅಳಿವೆಯವರೆಗೆ ಹೋಗಿ ಕಡಲನ್ನು ಕಂಡರೆ ಹೇಗೋ ಹಾಗೆ ಅವನಿಗಾಯಿತು. ಈ ನೀರು ಇಲ್ಲಿಯವರೆಗೆ ಹೋಗುತ್ತದೆಂದು ಅವನಿಗೆ ತಿಳಿದಿರಲಿಲ್ಲ. ಜೊತೆಗೇ ಇದ್ದು ಕಂಡಿರಲಿಲ್ಲ. ಕೈಮುಗಿಯಬೇಕು ಎನ್ನಿಸಿತು. ಹುಟ್ಟು ಕೈಯಲ್ಲಿದ್ದುದರಿಂದ ಮುಗಿಯಲಿಲ್ಲ.

"ಹೆದರಿಕೆ ಆಗುವುದಿಲ್ಲವೇ ಅಕ್ಕಾ?" ಎಂದ.

"ಆಗದೆ ಏನು? ನಾನೇನು ಕಲ್ಲಿನ ದೇವಿಯೇ? ಆದರೆ ತಮಾ, ನೀನು ಕಲ್ಲು ಎಂದಾಗ ಇದ್ದ ಹೆದರಿಕೆ ಇದಕ್ಕಿಂತ ದೊಡ್ಡದು. ಆಗ ನಿನ್ನ ಮುಖಕ್ಕೆ ಹೆದರಬೇಕಾಗಿತ್ತು, ನಿನ್ನ ಹೆಂಡತಿ ಬಾಗಿಲ ಮರೆಯಲ್ಲಿ ಮೂಗು ಒರೆಸಿಕೊಳ್ಳುವುದಕ್ಕೆ ಹೆದರಬೇಕಾಗಿತ್ತು, ನಾನು ಬಂದ ಕೂಡಲೇ ಮಾತು ನಿಲ್ಲಿಸುವವರಿಗೆ ಹೆದರಬೇಕಾಗಿತ್ತು. ಮನೆ ತುಂಬ ಜನ ಇದ್ದೂ ಒಬ್ಬಳೇ ಆಗಿದ್ದೆ. ಇನ್ನು ರೋಗಕ್ಕೊಂದಕ್ಕೆ ಹೆದರಿದರೆ ಸಾಕು."

ಸ್ವಲ್ಪ ಹೊತ್ತಿನ ಮೇಲೆ ಅವಳೇ ಅಂದಳು, "ಹುಟ್ಟು ಹಾಕು. ನೋಡುತ್ತ ಕೂತರೆ ದಡ ತಾನಾಗಿ ಬರುತ್ತದೆಯೇ?"

ಗುರುತಾಯಿ ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಜಟ್ಟಪ್ಪ ಕಾದ. ಅವನ ಕಣ್ಣು ಅರಳಿತ್ತು. ಆ ಅಕ್ಕ ಆಗತಾನೇ ಮಠದ ಮೆಟ್ಟಿಲಿಳಿದು ಹೊಳೆಯ ಕಡೆ ಹೋದಳೋ ಎನ್ನುವಂತೆ ಅವನು ಆ ಕಡೆಗೇ ನೋಡುತ್ತಿದ್ದ.

"ಆಮೇಲೆ ಏನಾಯಿತು ತಾಯಿ?" ಎಂದ ಅವನು. "ಡಾಕ್ಟರು ಒಳಗೆ ಇಣುಕಿದಾಗ ಏನು ಕಂಡಿತು? ಚೀಲ ಇಡಿಯಾಗಿ ಬಂತೇ? ಅಕ್ಕ ಉಳಿದಳೇ?"

ಗುರುತಾಯಿ ಕೈಯಲ್ಲಿದ್ದ ಬತ್ತಿಯನ್ನು ಕೆಳಗಿಟ್ಟು, ಮೊದಲ ಸಲ ಅವನ ಮುಖವನ್ನು ನೇರವಾಗಿ ನೋಡಿದರು.

"ಇಲ್ಲಿಗೆ ಹೊರಡುವಾಗ ಅತ್ತಿಗೆಗೆ ಏನು ಹೇಳಿ ಬಂದೆ, ಜಟ್ಟಪ್ಪಾ?"